ತಕ್ಕದ್ದು

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ
ಮಧ್ಯಸ್ಥಗಾರ್ತಿ ಕುರ್ಚಿ ಹತ್ತಿ
ಗೋಡೆ ಗಡಿಯಾರದ ಬೆನ್ನಿಂದ ಸೆಲ್ ಕಿತ್ತು
ಕೋಟಿನ ಜೇಬಿಗೆ ಹಾಕಿಕೊಂಡಳು.
ಹನ್ನೆರಡಾದರೆ ಮುಷ್ಕರ,
ಆದ್ದರಿಂದ ಇವತ್ತು ಹನ್ನೆರಡಾಗುವುದಿಲ್ಲ.
ನಿಕ್ಕಲ್ ಗಣಿಯವರ ಕಾಲದಿಂದ ಬಂದ ಪದ್ಧತಿಯಂತೆ.
ಹೊರಗೆ ಮೈನಸ್ ಇಪ್ಪತ್ತೊಂಬತ್ತು.
ಉತ್ತರ ಒಂಟಾರಿಯೋದ ಹಿಮಕ್ಕೆ ಯಾರ ಜೇಬಿನ ಪರಿವೆಯೂ ಇಲ್ಲ.

ನಾನು ಟಿಪ್ಪಣಿ ಬರೆಯುವವಳು.
ಮಾತಾಡುವ ಹಕ್ಕಿಲ್ಲ. ಕೆಮ್ಮಬಹುದು.
ಎಡಕ್ಕೆ ನಮ್ಮ ತಿಬೊಡೋ, ಭೂಗರ್ಭಶಾಸ್ತ್ರ,
ಬಂಡೆಯನ್ನು ತಟ್ಟಿದ ಹಾಗೆ ಮೇಜು ತಟ್ಟುತ್ತಾಳೆ,
ಎಲ್ಲಿ ಟೊಳ್ಳಿದೆ ಎಂದು.
ಎದುರಿಗೆ ಟೊರಾಂಟೋದಿಂದ ಬಂದ ವಕೀಲ,
ಗಂಟೆಯ ಲೆಕ್ಕದಲ್ಲಿ ಆಕಳಿಸುವವನು.
ಪಕ್ಕದಲ್ಲಿ ಉಪಾಧ್ಯಕ್ಷ ಕೊವಾಲ್ಚುಕ್.
ಹದಿನೈದು ವರ್ಷದ ಹಿಂದಿನ ಮುಷ್ಕರದಲ್ಲಿ
ಗೇಟಿನ ಬಳಿ ಉರಿಯುತ್ತಿದ್ದ ಡ್ರಮ್ಮಿಗೆ
ತನ್ನ ಮನೆಯ ಹಳೆಯ ಬಾಗಿಲನ್ನೇ
ಹೊತ್ತು ತಂದು ಹಾಕಿದ್ದನಂತೆ ಇವನು.

ವಿಧಿ ಹದಿನಾಲ್ಕು, ಉಪವಿಧಿ ಮೂರು.
ನಾವು ಬರೆದದ್ದು:
ಆರು ವರ್ಷ ದುಡಿದ ಅರೆಕಾಲಿಕ ಅಧ್ಯಾಪಕರಿಗೆ
ಮುಂದಿನ ಪಾಠವನ್ನು ಮೊದಲು ನೀಡತಕ್ಕದ್ದು.
ಅವರು ತಿದ್ದಿದ್ದು:
ನೀಡಬಹುದು.

ಅಷ್ಟೇ. ಒಂದು ಬಾಲ.
ಅದಕ್ಕಾಗಿ ಏಳು ತಿಂಗಳು, ಇಪ್ಪತ್ತಾರು ಸಭೆ.
ಬಹುದು ಎಂದರೆ ಅಡ್ಡಗೋಡೆಯ ಮೇಲಿಟ್ಟ ದೀಪ,
ಎರಡೂ ಕಡೆ ಬೆಳಕು ಬಿದ್ದ ಹಾಗಿರುತ್ತದೆ,
ಓದಲು ಹೋದರೆ ಅಕ್ಷರ ಕಾಣುವುದಿಲ್ಲ.
ನನಗೆ ಗೊತ್ತು. ಸಂಭವನೀಯತೆಯೇ ನನ್ನ ಪಾಠ:
ನಾಣ್ಯ ಹೀಗೆ ಬೀಳಬಹುದು, ಹಾಗೂ ಬೀಳಬಹುದು.
ಹನ್ನೊಂದು ವರ್ಷ, ಮೂವತ್ತೊಂದು ನೇಮಕಾತಿ ಪತ್ರ,
ಪ್ರತಿಯೊಂದರಲ್ಲೂ ಮೊದಲ ಪದ ಅಭಿನಂದನೆಗಳು.
ವಿಮೆ ಏಪ್ರಿಲ್‌ಗೆ ಮುಗಿದು
ಮಗನ ಹಲ್ಲಿನ ತಂತಿ ಅರ್ಧಕ್ಕೇ ಬಿಚ್ಚಿದ ವರ್ಷವೂ
ಅಭಿನಂದನೆಗಳು.

ನಮ್ಮ ಕೋಣೆಗೆ ಎದ್ದು ಬಂದೆವು.
ಗ್ರಂಥಾಲಯದ ಐನೋ ಲೆಹ್ಟಿನೆನ್
ಅಜ್ಜಿಯ ಕೈಹದದ ಏಲಕ್ಕಿ ಬ್ರೆಡ್ಡು ತಂದಿದ್ದಳು.
ಅವರಿಗೂ ನಾಲ್ಕು ತುಂಡು ಕಳಿಸೋಣವೇ ಎಂದಳು.
ಯಾವ ವಿಧಿಯ ಪ್ರಕಾರ? ಎಂದಳು ತಿಬೊಡೋ.
ಕಳಿಸಿದೆವು.
ತಟ್ಟೆ ಖಾಲಿಯಾಗಿ ವಾಪಸು ಬಂತು.
ಪ್ರಸ್ತಾಪ ಇದ್ದ ಹಾಗೇ ಬಂತು.

ಮೂರು ಗಂಟೆಯಿರಬಹುದು
(ಗಡಿಯಾರ ಕೇಳುವ ಹಾಗಿಲ್ಲ)
ಕಾಫಿ ಯಂತ್ರದ ಮುಂದೆ ಕೊವಾಲ್ಚುಕ್ ಸಿಕ್ಕ.
ಮಾತಾಡಬಾರದು, ಇಬ್ಬರಿಗೂ ಗೊತ್ತು.
ಯಂತ್ರ ಅವನ ನಾಣ್ಯವನ್ನು ಎರಡು ಸಲ ಉಗುಳಿತು.
ನನ್ನದೊಂದು ಕೊಟ್ಟೆ.
ಲೋಟದೊಳಕ್ಕೆ ನೋಡುತ್ತ ಅಂದ:
ಅದು ಪೈನ್ ಮರದ ಬಾಗಿಲು.
ಬೇಗ ಉರಿದುಹೋಯಿತು.

ಆಮೇಲೆ ಹಾಳೆ ಬಂತು.
ಬಹುದು ಎಂಬುದರ ಮೇಲೆ ಪೆನ್ನಿನ ಗೀಟು,
ಮೇಲೆ ಕೈಬರಹದಲ್ಲಿ ತಕ್ಕದ್ದು, ಪಕ್ಕದಲ್ಲಿ ಚಿಕ್ಕ ಸಹಿ.
ಐನೋ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.
ತಿಬೊಡೋ ಮಾತ್ರ ಇನ್ನೂ ಓದುತ್ತಿದ್ದಳು.
ಆರು ವರ್ಷ ಇದ್ದಲ್ಲಿ
ಹನ್ನೆರಡು.

ಹನ್ನೆರಡಾಗುವುದಿಲ್ಲ ಅಂದೆನಲ್ಲ,
ಆಗಿತ್ತು, ಹಾಳೆಯ ಮೇಲೆ.

ಹನ್ನೆರಡು ದಾಟಿದವರು ಎಷ್ಟು ಎಂದು ಯಾರೋ ಕೇಳಿದರು.
ಲೆಕ್ಕದವಳು ನಾನೇ: ನಲವತ್ತೊಂದು.
ಅದರಲ್ಲಿ ಅರುವತ್ತೈದರ ಡೆಲ್ಫೀನ್ ಇದ್ದಾಳೆ,
ಮೂರು ಕಾಲೇಜುಗಳ ನಡುವೆ ಬಸ್ಸಿನಲ್ಲೇ ಪೇಪರು ತಿದ್ದುವವಳು.
ತಿಬೊಡೋ ನನ್ನತ್ತ ತಿರುಗಿ
ಬಹಳ ಹೊತ್ತು ಕಾದಳು.
ಒಂದು ಕೆಮ್ಮು ಸಾಕಿತ್ತು.
ಗಂಟಲಲ್ಲಿ ಏಲಕ್ಕಿ ಸಿಪ್ಪೆಯೂ ಸಿಕ್ಕಿಕೊಂಡಿತ್ತು.
ನೀರು ಕುಡಿದೆ.
ಒಪ್ಪಿಗೆ ಎಂದು ಬರೆದು, ವೇಳೆಯ ಜಾಗ ಖಾಲಿ ಬಿಟ್ಟೆ.

ಮಧ್ಯಸ್ಥಗಾರ್ತಿ ಸೆಲ್ ಮತ್ತೆ ಹಾಕಿದಳು.
ಹನ್ನೆರಡಕ್ಕೆ ಹತ್ತು ನಿಮಿಷವೆಂದು
ಗಡಿಯಾರ ನಾಚಿಕೆಯಿಲ್ಲದೆ ಹೊರಟಿತು.
ಪಾರ್ಕಿಂಗಿನಲ್ಲಿ ಐದು ಗಂಟೆಯ ಕತ್ತಲು.
ಗಾಜಿನ ಮೇಲಿನ ಮಂಜನ್ನು
ಗ್ರಂಥಾಲಯದ ಕಾರ್ಡಿನಿಂದ ಕೆರೆದೆ.
ಎಂಟೂವರೆಗೆ ತರಗತಿ.
ಡಿಕ್ಕಿಯಲ್ಲಿ ಬಳಸದೆ ಉಳಿದ ಮುಷ್ಕರದ ಫಲಕಗಳು,
ಮನೆಯವರೆಗೂ ಪ್ರತಿ ತಿರುವಿನಲ್ಲಿ
ಒಂದಕ್ಕೊಂದು ಬಡಿದು ಸದ್ದು ಮಾಡಿದವು.